ಪೀಣ್ಯದ ಹನ್ನೊಂದು ಮಂದಿಯ ಜತೆ ಟಾಂಪೆರೆಗೆ

ಮಾಕಳಿ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿಂದ ಏನೇನು ತಂದರೆಂದು ಹೇಳುವುದು ರೂಢಿ. ನನ್ನ ಕಥೆಯಲ್ಲಿ ಮುಖ್ಯವಾದದ್ದು ನಾನು ಇಲ್ಲಿಂದ ಹೊತ್ತುಕೊಂಡು ಹೋದದ್ದು. ಅದೊಂದು ಪಿವಿಸಿ ಪೈಪು, ಮನೆಗೆ ನೀರು ಹಾಯಿಸುವಂಥದ್ದು, ಎರಡು ತುದಿಗೂ ಮುಚ್ಚಳ. ಅದರೊಳಗೆ ನನ್ನ ಸಂಶೋಧನೆಯ ಪೋಸ್ಟರ್ ಇತ್ತು. ಪೋಸ್ಟರ್ ಮಾತ್ರ ಇದೆ ಎಂದು ನಾನು ನಂಬಿದ್ದೆ.

ಆಗಿನ್ನೂ ಪೀಣ್ಯದ ತಲೆಯ ಮೇಲೆ ಮೆಟ್ರೊ ಓಡುತ್ತಿರಲಿಲ್ಲ. ಕಂಬಗಳು ಎದ್ದು ನಿಂತಿದ್ದವು, ಧೂಳು ಮಾತ್ರ ಎಲ್ಲರಿಗೂ ಧಾರಾಳವಾಗಿ ಸಿಗುತ್ತಿತ್ತು. ಆ ಕೈಗಾರಿಕಾ ಬಡಾವಣೆಯ ಎರಡನೇ ಹಂತದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಬರುವವರು ‘ಡಾಕ್ಟ್ರಮ್ಮ’ ಎನ್ನುವುದನ್ನು ಬಿಡಲಿಲ್ಲ. ಕೊನೆಗೆ ತಿದ್ದುವುದನ್ನು ನಾನೇ ಬಿಟ್ಟೆ.

ಬರುವವರಲ್ಲಿ ಬಹಳ ಮಂದಿ ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟವರು. ತಗಡನ್ನು ಅಚ್ಚಿನ ಕೆಳಗಿಟ್ಟು ಗುದ್ದಿಸುವ ಯಂತ್ರ ಅದು. ಕೈ ಒಳಗಿರುವಾಗ ಗುದ್ದದಿರಲಿ ಎಂದು ಎಡಕ್ಕೊಂದು ಬಲಕ್ಕೊಂದು ಬಟನ್ ಇರುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯಬೇಕು. ಆದರೆ ಪ್ರೆಸ್ ಶಾಪ್ ಎನ್ನುವ ಇಂಥ ಎಷ್ಟೋ ಶೆಡ್ಡುಗಳಲ್ಲಿ ಒಂದು ಬಟನ್ನಿಗೆ ಹಳೆಯ ಸೈಕಲ್ ಟ್ಯೂಬಿನ ಚೂರು ಬಿಗಿದು ಅದನ್ನು ಸದಾ ಒತ್ತಿಯೇ ಇಡುತ್ತಿದ್ದರು. ಆಗ ಒಂದು ಕೈ ಬಿಡುವಾಗುತ್ತಿತ್ತು, ಬಿಡುವಾದ ಕೈ ಅಚ್ಚಿನೊಳಗೆ ಹೋಗುತ್ತಿತ್ತು. ಅಪಘಾತದ ವರದಿಯಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದರೆ ಎಲ್ಲರ ಕೆಲಸವೂ ಮುಗಿಯಿತು.

ಬೆರಳಿನ ವ್ಯಾಯಾಮಕ್ಕೆ ಬಂದವರು ಭುಜ ಒತ್ತಿಕೊಳ್ಳುತ್ತಾ ಕೂರುವುದು ನನ್ನ ಕಣ್ಣಿಗೆ ಬಿದ್ದದ್ದು ಹೀಗೇ ಒಂದು ದಿನ. ಕೇಳುತ್ತಾ ಹೋದೆ. ಬಟನ್ನುಗಳು ನಮ್ಮವರ ಎತ್ತರಕ್ಕೆ ತೀರಾ ಮೇಲಿದ್ದವು. ಪಾಳಿಯುದ್ದಕ್ಕೂ ಕೈ ಎತ್ತಿ ಒತ್ತಿ ಒತ್ತಿ, ಭುಜ ಸೋತ ಮೇಲೆ ಒಂದನ್ನು ಕಟ್ಟಿಬಿಡುತ್ತಿದ್ದರು. ಸೋಮಾರಿತನವೂ ಅಲ್ಲ, ಪೊಗರೂ ಅಲ್ಲ, ಬರೀ ನೋವು. ಬಟನ್ ಒಂದು ಗೇಣು ಕೆಳಗಿಳಿದರೆ ಕಟ್ಟುವ ಅಗತ್ಯವೇ ಬೀಳುವುದಿಲ್ಲ. ಇಷ್ಟು ಹೇಳುವುದಕ್ಕೆ ಹನ್ನೊಂದು ಮಂದಿಯನ್ನು ವಾರಗಟ್ಟಲೆ ಮಾತಾಡಿಸಿ, ಅಳೆದು, ಇಂಗ್ಲಿಷಿನಲ್ಲಿ ಉದ್ದಾನುದ್ದ ಲೇಖನ ಬರೆದೆ. ಹೊರದೇಶದ ಒಂದು ಸಂಶೋಧನಾ ಪತ್ರಿಕೆ ಅದನ್ನು ಅಚ್ಚು ಹಾಕಿತು. ಆಸ್ಪತ್ರೆಯಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದೆ.

ಆಮೇಲೆ ಏನೂ ಆಗಲಿಲ್ಲ. ದಾಸರಹಳ್ಳಿಯ ಸೈಬರ್ ಕೆಫೆಯಲ್ಲಿ ಕೂತು ಹುಡುಕಿದರೆ ಪತ್ರಿಕೆಯ ಪುಟ ಬರುತ್ತಿತ್ತು, ಲೇಖನ ತೆರೆಯುತ್ತಿರಲಿಲ್ಲ. ಚಂದಾ ಕಟ್ಟಿದವರಿಗೆ ಮಾತ್ರವಂತೆ. ನಾನು ಬರೆದ ಲೇಖನ ನನಗೇ ಬಾಗಿಲು ಹಾಕಿಕೊಂಡು ಕೂತಿತ್ತು. ಹನ್ನೊಂದು ಮಂದಿಯಲ್ಲೊಬ್ಬ ಸಿದ್ದಪ್ಪ, ಬಾಗಲಕೋಟೆ ಕಡೆಯವನು, ಬಲಗೈಯ ಎರಡು ಬೆರಳು ಹೋಗಿ ಸ್ಟೋರಿನ ಕೆಲಸಕ್ಕೆ ಹಾಕಿಸಿಕೊಂಡಿದ್ದವನು, ವ್ಯಾಯಾಮಕ್ಕೆ ಬಂದಾಗಲೆಲ್ಲ ತಪ್ಪದೆ ಕೇಳುತ್ತಿದ್ದ.

“ಏನ್ರಿ ಡಾಕ್ಟ್ರಮ್ಮಾರ, ಯಾರರ ಓದಿದ್ರೇನ್ರಿ ನಮ್ದು?”

“ಇನ್ನೂ ಇಲ್ಲ ಸಿದ್ದಪ್ಪ.”

“ಓದ್ತಾರ ಬಿಡ್ರಿ. ದೂರದಾಗ ಐತಿ, ಟೈಮ್ ಹಿಡಿತೈತಿ.”

ಅವನು ನನಗೆ ಸಮಾಧಾನ ಹೇಳುತ್ತಿದ್ದ. ನನಗೆ ನಾಚಿಕೆಯಾಗುತ್ತಿತ್ತು. ಅಷ್ಟರಲ್ಲೇ ಹೊಸದಾಗಿ ಇನ್ನಿಬ್ಬರು ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಿದ್ದರು. ಲೇಖನವನ್ನು ಯಾರಾದರೂ ಓದಬೇಕಿತ್ತು, ಬೇಗ ಓದಬೇಕಿತ್ತು.

ಫಿನ್ಲೆಂಡಿನ ಟಾಂಪೆರೆ ಎಂಬ ಊರಿನಲ್ಲಿ ದುಡಿಯುವವರ ಆರೋಗ್ಯದ ಬಗ್ಗೆ ಸಮ್ಮೇಳನ, ಬಂದು ಪೋಸ್ಟರ್ ಹಾಕಿ ಎಂಬ ಕರೆ ಬಂದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಪೋಸ್ಟರನ್ನು ಎಲ್ಲಿ ಮಾಡಿಸುವುದು? ಮಾಕಳಿಯಲ್ಲಿ ಮಂಜ ಎಂಬವನ ಫ್ಲೆಕ್ಸ್ ಅಂಗಡಿ ಇತ್ತು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೂಲೆಯಲ್ಲೇ ಅಂಗಡಿ ಹಾಕಿಕೊಂಡಿದ್ದ. ತುಮಕೂರು ರಸ್ತೆಯಲ್ಲಿ ಯಾರ ಹುಟ್ಟುಹಬ್ಬವಿರಲಿ, ಯಾರಿಗೆ ಯಾವ ಪದವಿ ಸಿಗಲಿ, ಗೃಹಪ್ರವೇಶವಿರಲಿ, ಶ್ರದ್ಧಾಂಜಲಿಯಿರಲಿ, ಫ್ಲೆಕ್ಸು ಮಂಜನದೇ. ಪೆನ್ ಡ್ರೈವ್ ಕೊಟ್ಟೆ. ಅವನು ಪರದೆಯ ಮೇಲೆ ನೋಡಿ ಮುಖ ಕಿವುಚಿದ.

“ಮೇಡಂ, ಇದೇನ್ ಮೇಡಂ ಇಂಗೆ? ಬರೀ ಅಕ್ಷರ. ಒಂದ್ ಫೋಟೋ ಇಲ್ದೆ ಯಾರ್ ಓದ್ತಾರೆ?”

“ಓದ್ತಾರೆ ಮಂಜು. ಅವರೆಲ್ಲ ಪ್ರೊಫೆಸರುಗಳು.”

“ಪ್ರೊಫೆಸರ್ ಆದ್ರೂ ಮನ್ಸರೇ ಅಲ್ವಾ ಮೇಡಂ?”

ವೀಸಾದ ಗಡಿಬಿಡಿಯಲ್ಲಿದ್ದೆ. ಇದ್ದದ್ದನ್ನು ಇದ್ದ ಹಾಗೇ ಮಾಡು ಎಂದು ಹೇಳಿ ಬಂದೆ. ಹೊರಡುವ ಹಿಂದಿನ ದಿನ ಸಿದ್ದಪ್ಪನೇ ಫ್ಲೆಕ್ಸನ್ನು ಪೈಪಿಗೆ ತುಂಬಿಸಿ ತಂದುಕೊಟ್ಟ. ಅವನ ಮುಖದಲ್ಲಿ ಒಂದು ಥರದ ಕಳ್ಳನಗು ಇತ್ತು. ನಾನು ಹೋಗುತ್ತಿರುವ ಖುಷಿ ಎಂದುಕೊಂಡೆ.

ದೇವನಹಳ್ಳಿ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪೈಪನ್ನು ಪಕ್ಕಕ್ಕೆ ಎತ್ತಿಟ್ಟರು.

“ಏನ್ ಮೇಡಂ ಇದು?”

“ಪೋಸ್ಟರ್ ಸಾರ್.”

“ತೆಗೀರಿ.”

ಮುಚ್ಚಳ ಬರಲಿಲ್ಲ. ಅಧಿಕಾರಿ ತಾವೇ ತಿರುಗಿಸಿದರು, ಬರಲಿಲ್ಲ. ಇನ್ನೊಬ್ಬರನ್ನು ಕರೆದರು. ಒಬ್ಬರು ಪೈಪು ತಬ್ಬಿ ನಿಂತು, ಮತ್ತೊಬ್ಬರು ಮುಚ್ಚಳ ಹಿಡಿದು ಹಿಂದಕ್ಕೆ ಜಗ್ಗಿದರು. ನನ್ನ ಹಿಂದಿನ ಸಾಲು ಉಗುರು ಕಚ್ಚುತ್ತಿತ್ತು.

“ಯಾರ್ ಮೇಡಂ ಇದನ್ನ ಹಾಕಿದ್ದು?”

“ಪ್ರೆಸ್ ಶಾಪಿನವರು ಸಾರ್.”

“ಅದಕ್ಕೇ ಮತ್ತೆ!”

ಕೊನೆಗೆ ಡಬ್ಬೆಂದು ಬಿಚ್ಚಿಕೊಂಡಿತು. ಅಧಿಕಾರಿ ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. “ಹೂವು ಕಾಣ್ತಿದೆ. ಮದುವೆನಾ ಮೇಡಂ?” ಎಂದರು. ತಮಾಷೆ ಮಾಡುತ್ತಿದ್ದಾರೆಂದು ನಾನೂ ನಕ್ಕೆ.

ಟಾಂಪೆರೆ: ಹೆಲ್ಮಿಯ ಮನೆ

ಹೋಟೆಲಿಗೆ ಕೈ ಸಾಲದವರಿಗೆ ಊರಿನವರೇ ಮನೆಯಲ್ಲಿ ಜಾಗ ಕೊಟ್ಟಿದ್ದರು. ನನ್ನ ಪಾಲಿಗೆ ಬಂದವರು ಹೆಲ್ಮಿ, ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ನಿವೃತ್ತರಾದ ಒಂಟಿ ಹೆಂಗಸು. ಬಸ್ ನಿಲ್ದಾಣಕ್ಕೆ ಬಂದು ಕೈ ಕುಲುಕಿ, ಪೈಪನ್ನು ಹೆಗಲಿಗೇರಿಸಿಕೊಂಡು ಸುಮ್ಮನೆ ನಡೆದರು. ಪ್ರಯಾಣ ಹೇಗಿತ್ತು, ಊಟ ಆಯಿತಾ, ಮಕ್ಕಳೆಷ್ಟು, ಒಂದನ್ನೂ ಕೇಳಲಿಲ್ಲ. ನಮ್ಮಲ್ಲಾದರೆ ಬಸ್ಸಿನ ಪಕ್ಕದ ಸೀಟಿನವರಿಗೆ ದಾಸರಹಳ್ಳಿ ದಾಟುವಷ್ಟರಲ್ಲಿ ನನ್ನ ಗಂಡನ ಸಂಬಳದವರೆಗೆ ಎಲ್ಲವೂ ಗೊತ್ತಾಗಿರುತ್ತದೆ. ಹೆಲ್ಮಿಗೆ ನನ್ನ ಮೇಲೆ ಏನೋ ಬೇಸರ ಎಂದೇ ತಿಳಿದೆ.

ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟರು. ಅದನ್ನು ನೋಡಿ ನನ್ನ ಅರ್ಧ ಭಯ ಹೋಯಿತು. ಚಪ್ಪಲಿ ಹೊರಗೆ ಬಿಡುವ ಮನೆಯಲ್ಲಿ ಹೇಗೋ ಬಾಳಬಹುದು. ಒಳಗೆ ಏಲಕ್ಕಿಯ ಪರಿಮಳ ಘಮ್ಮೆನ್ನುತ್ತಿತ್ತು. ಅಲ್ಲಿಯ ಸಿಹಿ ಬನ್ನಿಗೆ ಏಲಕ್ಕಿ ಕುಟ್ಟಿ ಹಾಕುತ್ತಾರೆ. ಅಷ್ಟು ದೂರ ಹೋಗಿ ಅಮ್ಮನ ಪಾಯಸದ ವಾಸನೆ ಮೂಗಿಗೆ ಬಡಿದದ್ದಕ್ಕೆ ಕಣ್ಣು ತುಂಬಿತು. ಹೆಲ್ಮಿ ನೋಡಿಯೂ ನೋಡದವರಂತೆ ಇನ್ನೊಂದು ಬನ್ನನ್ನು ನನ್ನ ತಟ್ಟೆಗೆ ಹಾಕಿದರು.

ಆಮೇಲೆ ಒಂದು ಕಪ್ಪು ಮಿಠಾಯಿ ಕೊಟ್ಟರು. ಖರ್ಜೂರದ್ದಿರಬೇಕೆಂದು ಎರಡನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡೆ. ಡಾಂಬರಿಗೆ ಉಪ್ಪು ಹಾಕಿ ಕಾಯಿಸಿದಂತಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಅತಿಥಿಯ ಮರ್ಯಾದೆ ಉಳಿಸಿಕೊಳ್ಳಲು ಕೆನ್ನೆಯ ಮೂಲೆಯಲ್ಲಿಟ್ಟುಕೊಂಡು “ಚೆನ್ನಾಗಿದೆ” ಎಂದೆ. ಹೆಲ್ಮಿ ಅವತ್ತು ಮೊದಲ ಸಲ ನಕ್ಕರು.

“ಸುಳ್ಳು. ಹೊರಗಿನವರು ಯಾರಿಗೂ ಇದು ಹಿಡಿಸಲ್ಲ. ಉಗುಳು.”

ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಎರಡೂ ಎರವಲು. ಅದರಿಂದ ಇಬ್ಬರೂ ಸಣ್ಣ ಸಣ್ಣ ಮಾತಾಡುತ್ತಿದ್ದೆವು, ಅದೇ ಅನುಕೂಲವಾಯಿತು. ಅವರಮ್ಮ ಆ ಊರಿನ ಬಟ್ಟೆ ಗಿರಣಿಯಲ್ಲಿ ಮಗ್ಗದ ಮುಂದೆ ಜೀವ ಸವೆಸಿದವರಂತೆ. ಮಗ್ಗದ ಸದ್ದಿಗೆ ಕಿವಿ ಹೋಗಿತ್ತು. “ಮನೆಯಲ್ಲಿ ನಾವು ತುಟಿ ಅಲ್ಲಾಡಿಸಿದರೆ ಸಾಕಿತ್ತು, ಅಮ್ಮ ಓದಿಕೊಳ್ಳುತ್ತಿದ್ದರು” ಎಂದರು ಹೆಲ್ಮಿ. ಅವರು ಮಾತಾಡದಿದ್ದದ್ದಕ್ಕೆ ಬೇಸರ ಕಾರಣವಲ್ಲ ಎಂದು ಆಗ ತಿಳಿಯಿತು.

ಎರಡನೆಯ ದಿನ: ಹಳೆಯ ಗಿರಣಿ

ಊರಿನ ನಡುವೆ ಹೊಳೆ ಧುಮುಕುತ್ತದೆ, ಅದರ ಎರಡೂ ದಡಕ್ಕೆ ಕೆಂಪಿಟ್ಟಿಗೆಯ ಗಿರಣಿಗಳು. ಈಗ ಅವುಗಳಲ್ಲಿ ಯಂತ್ರ ಓಡುವುದಿಲ್ಲ. ಕಾಫಿ ಅಂಗಡಿ, ಕಚೇರಿ, ವಸ್ತುಸಂಗ್ರಹಾಲಯ. ಚಿಮಣಿಯಿಂದ ಹೊಗೆ ಬರುವುದಿಲ್ಲ. ನನಗೆ ಯಾಕೋ ಪೀಣ್ಯ ನೆನಪಾಯಿತು. ನಮ್ಮ ಶೆಡ್ಡುಗಳೂ ಒಂದು ದಿನ ಹೀಗೇ ತಣ್ಣಗಾಗಿ, ಮಕ್ಕಳು ಟಿಕೆಟ್ ಕೊಂಡು ನೋಡಲು ಬರಬಹುದೇ? ಆಗ ಗೋಡೆಯ ಮೇಲೆ ಯಾರ ಚಿತ್ರ ಹಾಕಿರುತ್ತಾರೆ?

ಅಂಥದ್ದೇ ಒಂದು ಗಿರಣಿಯ ಹಜಾರದಲ್ಲಿ ಪೋಸ್ಟರುಗಳ ಸಾಲು. ಎಲ್ಲವೂ ನೀಲಿ ಬಿಳುಪು, ಎಲ್ಲವೂ ಗಂಭೀರ. ನಾನು ಹೆಲ್ಮಿಯ ಸಹಾಯದಿಂದ ಮುಚ್ಚಳ ಕಿತ್ತು ಫ್ಲೆಕ್ಸನ್ನು ಬಿಡಿಸಿ ಗೋಡೆಗೆ ಹಚ್ಚಿದೆ.

ಸುತ್ತಲೂ ಚೆಂಡುಹೂವಿನ ಮಾಲೆ. ಮೇಲೆ ಎಡಕ್ಕೆ ನಾನು. ಆಸ್ಪತ್ರೆಯ ಗುರುತಿನ ಚೀಟಿಯಿಂದ ತೆಗೆದ ನನ್ನ ಮುಖವನ್ನು ಯಾವುದೋ ಜನನಾಯಕಿಯ ದೇಹಕ್ಕೆ ಅಂಟಿಸಿದ್ದ ಮಂಜ. ಜರಿ ಸೀರೆ, ಜೋಡಿಸಿದ ಕೈ. ನನ್ನ ನಕ್ಷೆ, ಕೋಷ್ಟಕಗಳೆಲ್ಲ ನಡುವೆ ಮುದುಡಿ ಕೂತಿದ್ದವು. ಕೆಳಗೆ ದಪ್ಪ ಹಳದಿ ಅಕ್ಷರದಲ್ಲಿ: ‘ಶುಭ ಕೋರುವವರು: ಪ್ರೆಸ್ ಶಾಪ್ ಗೆಳೆಯರ ಬಳಗ, ಪೀಣ್ಯ’. ಅದರಡಿ ದುಂಡು ದುಂಡಾದ ಹನ್ನೊಂದು ಫೋಟೋ, ಹನ್ನೊಂದು ಹೆಸರು. ನಡುವೆ ಸಿದ್ದಪ್ಪ, ಕೂಲಿಂಗ್ ಗ್ಲಾಸ್ ಹಾಕಿಕೊಂಡು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪಕ್ಕದ ಪೋಸ್ಟರಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಹೆಲ್ಮಿ ಮಾತ್ರ ಹತ್ತಿರ ಬಂದು ಒಂದೊಂದು ಮುಖವನ್ನೂ ಬಗ್ಗಿ ನೋಡಿದರು.

“ಇವರು ಯಾರು?”

“ನನ್ನ ಲೇಖನದಲ್ಲಿರುವವರು.”

ಹೇಳಿದ ಮೇಲೆ ಅವಮಾನ ಹೋಗಿ ಹೆದರಿಕೆ ಬಂತು. ನಿಮ್ಮ ಹೆಸರು, ಮುಖ ಎಲ್ಲೂ ಹೊರಗೆ ಬರುವುದಿಲ್ಲ ಎಂದು ನಾನು ಅವರಿಗೆ ಬರೆದುಕೊಟ್ಟಿದ್ದೆ. ಬಟನ್ ಕಟ್ಟುತ್ತೇವೆ ಎಂದು ಒಪ್ಪಿಕೊಂಡವರು ಅವರು. ಮಾಲೀಕರ ಕಿವಿಗೆ ಬಿದ್ದರೆ ಮರುದಿನ ಗೇಟಿನ ಹೊರಗೆ. ಆ ಹಜಾರದಲ್ಲಿ ನಮ್ಮ ಪೀಣ್ಯದಿಂದಲೇ ಬಿಡಿಭಾಗ ತರಿಸಿಕೊಳ್ಳುವ ಕಂಪನಿಗಳ ಜನರೂ ಓಡಾಡುತ್ತಿದ್ದರು.

ಹೊಸ ಪೋಸ್ಟರಿಗೆ ಸಮಯವಿರಲಿಲ್ಲ. ನನ್ನ ಚೀಲದಲ್ಲಿ ಯಾವಾಗಲೂ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಸುರುಳಿ ಇರುತ್ತದೆ. ಹರಿದು ಹರಿದು ಒಂದೊಂದು ಮುಖಕ್ಕೂ ಒಂದೊಂದು ಹೆಸರಿಗೂ ಅಂಟಿಸುತ್ತಾ ಹೋದೆ. ಸಿದ್ದಪ್ಪನನ್ನು ಕೊನೆಗೆ ಉಳಿಸಿಕೊಂಡೆ. ಆ ಫೋಟೋ ತೆಗೆಸಿಕೊಳ್ಳಲು ಅವನು ಯಾರ ಬಳಿಯೋ ಆ ಗ್ಲಾಸು ಎರವಲು ತಂದಿರಬೇಕು. ಅದರ ಮೇಲೆ ಪ್ಲಾಸ್ಟರ್ ಎಳೆಯುವಾಗ ಕೈ ಹಿಂಜರಿಯಿತು. ಆದರೂ ಎಳೆದೆ.

ಮಂಜನ ಮಾತು ಸುಳ್ಳಾಗಲಿಲ್ಲ. ಪ್ರೊಫೆಸರುಗಳೂ ಮನುಷ್ಯರೇ. ನೀಲಿ ಬಿಳುಪಿನ ಸಾಲು ದಾಟಿಕೊಂಡು ಎಲ್ಲರೂ ಚೆಂಡುಹೂವಿನ ಮುಂದೆ ಬಂದು ನಿಂತರು. ಮದುವೆಯ ಫಲಕವೇ ಎಂದು ಒಬ್ಬರು ಕೇಳಿದರು. ಚುನಾವಣೆಗೆ ನಿಂತಿದ್ದೀರಾ ಎಂದು ಇನ್ನೊಬ್ಬರು. ನಗಲು ಬಂದವರಿಗೆ ಬಟನ್ನಿನ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಸಂಕೋಚ ಬಿಟ್ಟುಹೋಯಿತು.

ಬಿಳಿಗೂದಲಿನ ಎತ್ತರದ ಮುದುಕರೊಬ್ಬರು ಪ್ಲಾಸ್ಟರುಗಳನ್ನು ತೋರಿಸಿ, “ಇವರಿಗೆ ಗಾಯವಾಗಿದೆಯಾ?” ಎಂದರು.

“ಆಗಿದೆ. ಮುಖಕ್ಕಲ್ಲ.”

ಅವರು ಇಡೀ ಪೋಸ್ಟರನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ ಜೇಬಿನಿಂದ ಅಳತೆಪಟ್ಟಿ ತೆಗೆದು, ಅನುಮತಿ ಕೇಳಿ, ನೆಲದಿಂದ ನನ್ನ ಮೊಣಕೈವರೆಗೆ ಅಳೆದು, ಚೀಟಿಯಲ್ಲಿ ಬರೆದುಕೊಂಡರು. “ನಾನು ಜೀವನವಿಡೀ ಇಂಥ ಯಂತ್ರಗಳ ನಕ್ಷೆ ಬರೆದವನು. ನನ್ನ ಎತ್ತರಕ್ಕೆ ಬರೆದೆ” ಎಂದರು. ತಲೆಬಾಗಿಸಿ ಹೊರಟುಹೋದರು. ಅವರ ಹೆಸರು ಕೇಳುವುದನ್ನೂ ಮರೆತೆ. ಲೇಖನಕ್ಕೆ ಒಬ್ಬ ಓದುಗ ಸಿಕ್ಕಿದರು ಎಂಬ ಸಂತೋಷಕ್ಕೆ ಅಂದು ಹಸಿವೇ ಆಗಲಿಲ್ಲ.

ಮೂರನೆಯ ದಿನ: ಹೆಲ್ಮಿಯ ಅಡುಗೆಮನೆ

ಮರುದಿನ ಬೆಳಿಗ್ಗೆ ಕಾಫಿಯ ಮುಂದೆ ಹೆಲ್ಮಿ ಕೇಳಿದರು. “ಲೇಖನ ಎಲ್ಲಿ ಓದಲು ಸಿಗುತ್ತದೆ?”

ಎಲ್ಲೂ ಸಿಗುವುದಿಲ್ಲ ಎಂದು ಹೇಳಿದೆ. ಸೈಬರ್ ಕೆಫೆಯ ಕಥೆಯನ್ನೂ ಹೇಳಿದೆ.

“ಪತ್ರಿಕೆಯವರು ಸಹಿ ಹಾಕಿಸಿಕೊಂಡ ಕಾಗದ ಓದಿದ್ದೀಯಾ?”

“ಇಲ್ಲ. ನಮ್ಮಲ್ಲಿ ಸಹಿ ಎಲ್ಲಿ ಎಂದು ಕೇಳುತ್ತೇವೆ, ಯಾಕೆ ಎಂದು ಕೇಳುವುದಿಲ್ಲ.”

ಅವರು ಕನ್ನಡಕ ಹಾಕಿಕೊಂಡು ನನ್ನ ಮಿಂಚಂಚೆಯಲ್ಲಿದ್ದ ಆ ಕಾಗದವನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಓದಿದರು. ಒಂದು ಕಡೆ ಬೆರಳಿಟ್ಟರು. ಪತ್ರಿಕೆ ಅಂದಗೊಳಿಸಿ ಅಚ್ಚು ಹಾಕಿದ ರೂಪವನ್ನು ಹಂಚುವಂತಿಲ್ಲ. ಆದರೆ ನಾನು ಕೊನೆಯದಾಗಿ ತಿದ್ದಿ ಕಳಿಸಿದ ನನ್ನದೇ ಪ್ರತಿಯನ್ನು ಸಾರ್ವಜನಿಕ ಸಂಗ್ರಹದಲ್ಲಿ ಇಡಬಹುದು, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಇಷ್ಟು ಕಾಲವೂ ಇಡಬಹುದಿತ್ತು. ನಾನು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಾಗಿಲು ಬಡಿಯುತ್ತಿದ್ದೆ. ಅಲ್ಲಿ ಕೂತಲ್ಲೇ ಅದನ್ನು ಏರಿಸಿದೆವು. ನಾನು ಲೇಖನದಲ್ಲಿ ಉಲ್ಲೇಖಿಸಿದ್ದ ಪ್ರತಿಯೊಬ್ಬರಿಗೂ ಎರಡೆರಡು ಸಾಲಿನ ಪತ್ರ ಬರೆಸಿದರು. ನಾಲ್ಕು ಸಾಲಿನ ಶೀರ್ಷಿಕೆಯ ಕೆಳಗೆ ಎಲ್ಲರಿಗೂ ಅರ್ಥವಾಗುವ ಒಂದು ಸಾಲು ಸೇರಿಸಿದರು.

ಆಮೇಲೆ ಖಾಲಿ ಹಾಳೆ ಮುಂದಿಟ್ಟು, “ಇದನ್ನು ಯಾರು ಓದಬೇಕು ಎಂದು ನಿನಗೆ ಆಸೆ? ಪಟ್ಟಿ ಮಾಡು” ಎಂದರು.

ಸಂಶೋಧಕರು, ಅಧಿಕಾರಿಗಳು, ಯಂತ್ರ ತಯಾರಿಸುವವರು ಎಂದು ಬರೆದೆ. ಹೆಲ್ಮಿ ನೋಡಿದರು.

“ಬಟನ್ ಬಿಚ್ಚಿ ಕೆಳಗೆ ಕೂರಿಸುವವನು ಯಾರು?”

“ಫಿಟ್ಟರ್.”

“ಅವನು ಯಾವ ಭಾಷೆ ಓದುತ್ತಾನೆ?”

ಕನ್ನಡ ಎಂದು ಹೇಳಿ ಪೆನ್ನು ಕೆಳಗಿಟ್ಟೆ. ಹೆಲ್ಮಿ ತಮ್ಮ ಅಮ್ಮನ ಕಥೆಗೆ ಮರಳಿದರು. ಅಮ್ಮನ ಕಿವಿ ಯಾಕೆ ಹೋಗುತ್ತಿದೆ ಎಂದು ಡಾಕ್ಟರರು ಆ ಕಾಲದಲ್ಲೇ ಬರೆದಿಟ್ಟಿದ್ದರಂತೆ. ಗ್ರಂಥಾಲಯದ ಕೆಲಸಕ್ಕೆ ಸೇರಿದ ಮೇಲೆ ಕಪಾಟಿನಲ್ಲಿ ಅದು ಹೆಲ್ಮಿಯ ಕೈಗೆ ಸಿಕ್ಕಿತು. ಜರ್ಮನ್ ಭಾಷೆಯಲ್ಲಿತ್ತು. “ಅಮ್ಮ ಆಗಲೇ ತೀರಿಕೊಂಡಿದ್ದರು” ಎಂದು ಹೇಳಿ ಎದ್ದು ಕಾಫಿ ಬಟ್ಟಲು ತೊಳೆಯತೊಡಗಿದರು.

ಅಂದು ಮಧ್ಯಾಹ್ನವೇ ಕನ್ನಡದಲ್ಲಿ ಬರೆಯಲು ಕೂತೆ. ಇಂಗ್ಲಿಷಿನಲ್ಲಿ ಸಲೀಸಾಗಿ ಬಂದದ್ದು ಕನ್ನಡದಲ್ಲಿ ಬರಲಿಲ್ಲ. ನಾಲ್ಕು ಸಲ ಹರಿದು ಹಾಕಿದೆ. ಸಿದ್ದಪ್ಪ ಎದುರಿಗೆ ಕೂತಿದ್ದಾನೆ ಎಂದುಕೊಂಡ ಮೇಲೆ ಒಂದು ಪುಟ ಮೂಡಿತು. ಹೆಲ್ಮಿಗೆ ಒಂದಕ್ಷರ ತಿಳಿಯದಿದ್ದರೂ ಓದಿಸಿಕೊಂಡು ಕೇಳಿದರು. ನನ್ನ ತುಟಿಗಳನ್ನೇ ನೋಡುತ್ತಿದ್ದರು. ಹೆಲ್ಮಿ ಈಗಿಲ್ಲ. ಅವರನ್ನು ನೆನೆದಾಗಲೆಲ್ಲ ಆ ನೋಟವೇ ನೆನಪಾಗುತ್ತದೆ.

ಮರಳಿ ಪೀಣ್ಯ

ಬಂದ ಭಾನುವಾರ ಮಾಕಳಿಯ ಹತ್ತಿರದ ಸಿದ್ದಪ್ಪನ ಬಾಡಿಗೆ ಕೋಣೆಯಲ್ಲಿ ಹನ್ನೊಂದು ಮಂದಿಯೂ ಸೇರಿದರು. ಚುರುಮುರಿ, ಮಿರ್ಚಿ ಭಜಿ ತರಿಸಿದ್ದರು. ನಾನು ಬ್ಯಾಗಿನಿಂದ ಕನ್ನಡದ ಪುಟ ತೆಗೆಯುವುದಕ್ಕೆ ಮೊದಲೇ ಪ್ರಶ್ನೆ ಬಂತು.

“ನಮ್ ಫೋಟೋ ನೋಡಿ ಅಲ್ಲಿ ಮಂದಿ ಏನಂದ್ರಿ ಡಾಕ್ಟ್ರಮ್ಮಾರ?”

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಮುಚ್ಚಿದೆ ಎಂದೆ. ಪ್ಲಾಸ್ಟರ್ ಹಾಕಿ ಮುಚ್ಚಿದೆ, ನಿಮ್ಮ ಕೆಲಸಕ್ಕೆ ಕುತ್ತು ಬರಬಾರದು, ನಿಮಗೆ ನಾನು ಮಾತು ಕೊಟ್ಟಿದ್ದೆ ಎಂದೆಲ್ಲ ಹೇಳಿದೆ. ಯಾರೂ ಭಜಿ ಮುಟ್ಟಲಿಲ್ಲ. ಸಿದ್ದಪ್ಪ ತನ್ನ ಬಲಗೈಯನ್ನು ನೋಡಿಕೊಂಡು ನಿಧಾನವಾಗಿ ಹೇಳಿದ.

“ಹೆಸರು ಹೇಳಬ್ಯಾಡ್ರಿ ಅಂತ ನಾವು ಅಂದಿದ್ದಿಲ್ರಿ. ನೀವ ಅಂದಿದ್ದು. ನೀವ ಬರಕೊಂಡ ಬಂದ್ರಿ, ನಾವು ಸಹಿ ಹಾಕಿದಿವಿ. ನಮ್ಮನ್ನ ಕೇಳೇ ಇಲ್ಲಲ್ರಿ.”

ತಪ್ಪಾಯಿತು ಎಂದೆ. ಅದು ಬಾಯಿಮಾತಾಗಿರಲಿಲ್ಲ. ಅಷ್ಟು ದೂರ ಹೋಗಿ ಅಪರಿಚಿತರಿಗೆಲ್ಲ ಇವರ ಕಥೆ ಹೇಳಿ, ಇವರನ್ನು ಮಾತ್ರ ಒಂದು ಮಾತೂ ಕೇಳದೆ ಬಂದಿದ್ದೆ.

“ಇರ್ಲಿ ಬಿಡ್ರಿ. ಅದೇನ್ ಬರದೀರಿ, ಓದ್ರಿ” ಎಂದ ಸಿದ್ದಪ್ಪ.

ಓದಿದೆ. ಬಟನ್ನನ್ನು ಒಂದು ಗೇಣು ಕೆಳಗಿಳಿಸಬೇಕು ಎಂಬಲ್ಲಿಗೆ ಬಂದಾಗ ಮೂಲೆಯಲ್ಲಿದ್ದವನೊಬ್ಬ, “ಒಂದ್ ಗೇಣು ಭಾಳ ಆಗ್ತೈತ್ರಿ. ಬಗ್ಗಬೇಕಾಗ್ತೈತಿ, ಸೊಂಟ ಹಿಡಿತೈತಿ” ಎಂದ. ಇನ್ನೊಬ್ಬನೂ ಹೌದೆಂದ. ನಾನು ಒಪ್ಪಲಿಲ್ಲ. ಇಂಚಿಂಚೂ ಅಳೆದದ್ದು ನಾನೇ ಅಲ್ಲವೇ?

“ಎಲ್ಲಿ ಅಳದ್ರಿ?” ಎಂದ ಸಿದ್ದಪ್ಪ.

“ಆಸ್ಪತ್ರೆಯಲ್ಲಿ.”

“ಆಸ್ಪತ್ರ್ಯಾಗ ಚಪ್ಪಲಿ ಹೊರಗ ಬಿಟ್ಟು ಬರ್ತೀವ್ರಿ. ಶೆಡ್ಡಿನ್ಯಾಗ ಸೇಫ್ಟಿ ಶೂ ಹಾಕಿರ್ತೀವಿ. ಒಂದೂವರೆ ಇಂಚು ಅಟ್ಟೆ ಐತ್ರಿ ಅದಕ್ಕ.”

ಕೋಣೆಯಲ್ಲಿ ನಗೆ ಎದ್ದಿತು. ನಾನು ಬರಿಗಾಲಿನ ಹನ್ನೊಂದು ಮಂದಿಯನ್ನು ಅಳೆದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದೆ. ಪರಿಣತರು ಪರೀಕ್ಷಿಸಿದ್ದರು, ಸಂಪಾದಕರು ತಿದ್ದಿದ್ದರು, ಟಾಂಪೆರೆಯ ಮುದುಕರೂ ಓದಿದ್ದರು. ಅವರಲ್ಲಿ ಯಾರಿಗೂ ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ಬಿಡುವ ಚಪ್ಪಲಿಯ ವಿಷಯ ಗೊತ್ತಿರಲು ಸಾಧ್ಯವಿರಲಿಲ್ಲ.

“ಮದಲ ನಮಗ ಓದಿ ಹೇಳಿದ್ರ, ಅಲ್ಲೀತನಕ ತಪ್ಪು ಹೋಗ್ತಿದ್ದಿಲ್ಲಲ್ರಿ” ಎಂದ ಸಿದ್ದಪ್ಪ. ಅವನ ದನಿಯಲ್ಲಿ ಕೋಪವಿರಲಿಲ್ಲ. ನನಗೆ ಅಳು ಬಂತು, ನಗುವೂ ಬಂತು.

ಅಳತೆ ತಿದ್ದಿದೆವು. ಪುಟದ ಕೆಳಗೆ ಯಾರ ಹೆಸರು ಹಾಕಲಿ ಎಂದು ಈ ಸಲ ಒಬ್ಬೊಬ್ಬರನ್ನೇ ಕೇಳಿದೆ. ಮೂವರು ಬೇಡವೆಂದರು, ಅವರ ಮಾಲೀಕ ಒಳ್ಳೆಯವನಲ್ಲ. ಎಂಟು ಮಂದಿ ಹಾಕಿ ಎಂದರು. ಪತ್ರಿಕೆಗೂ ತಿದ್ದುಪಡಿ ಬರೆದು ಕಳಿಸಿದೆ. ಕನ್ನಡದ ಪುಟವನ್ನು ಅವರೇ ಹಂಚಿದರು: ಚಹಾದಂಗಡಿ, ಕ್ಯಾಂಟೀನಿನ ಕೈತೊಳೆಯುವ ಜಾಗ, ಬಸ್ಸಿನ ಸೀಟಿನ ಹಿಂದೆ. ಕೆಲವು ಕಡೆ ಕಿತ್ತು ಹಾಕಿದರು, ಇವರು ಮತ್ತೆ ಹಚ್ಚಿದರು. ಲೇಖನದ ಇಂಗ್ಲಿಷ್ ಪ್ರತಿಗೂ ಓದುಗರು ಸಿಕ್ಕರು. ಎಲ್ಲೆಲ್ಲಿಂದಲೋ ಪತ್ರ ಬಂದವು. ಅವುಗಳನ್ನು ಜೋಪಾನವಾಗಿ ಇಟ್ಟಿದ್ದೇನೆ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಸಿದ್ದಪ್ಪ ಆಸ್ಪತ್ರೆಗೆ ಓಡಿ ಬಂದ. “ಬರ್ರಿ, ಒಂದು ತೋರಸ್ತೀನಿ” ಎಂದು ಮೂರನೇ ಹಂತದ ಒಂದು ಶೆಡ್ಡಿಗೆ ಕರೆದುಕೊಂಡು ಹೋದ. ಅಲ್ಲಿ ನಮ್ಮ ಹನ್ನೊಂದು ಮಂದಿಯಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಫಿಟ್ಟರ್ ಯಾರೋ ಎಲ್ಲೋ ಪುಟ ಓದಿ ಮೂರು ಪ್ರೆಸ್ಸುಗಳ ಬಟನ್ ಇಳಿಸಿದ್ದನಂತೆ. ಒಂದರ ಮುಂದೆ ಇಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳು ತಗಡು ಇಡುತ್ತಿದ್ದಳು, ಎರಡೂ ಕೈಗಳನ್ನು ಇಳಿಸಿ ಒಟ್ಟಿಗೆ ಒತ್ತುತ್ತಿದ್ದಳು. ಮತ್ತೆ ಇಡುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು. ಭುಜ ಏಳುತ್ತಿರಲಿಲ್ಲ. ಬಟನ್ನಿಗೆ ಏನೂ ಕಟ್ಟಿರಲಿಲ್ಲ. ಹತ್ತು ಬೆರಳೂ ಇದ್ದವು.

ನಾವಿಬ್ಬರೂ ಮೈಮರೆತು ನೋಡುತ್ತಾ ನಿಂತೆವು. ಅವಳಿಗೆ ನಾವು ಯಾರೆಂದು ತಿಳಿಯದು, ಲೇಖನದ ಸುದ್ದಿಯೂ ಗೊತ್ತಿಲ್ಲ. ತಲೆ ಎತ್ತಿ ನಮ್ಮನ್ನು ನೋಡಿ ಹುಬ್ಬು ಗಂಟಿಕ್ಕಿದಳು.

“ಅಕ್ಕಾ, ಲೈಟ್‌ಗೆ ಅಡ್ಡ ನಿಂತಿದೀರ. ವಸಿ ಆ ಕಡೆ ಸರ್ಕೊಳಿ.”

ಸರಿದು ನಿಂತೆವು.